ಮಾಲು ಮಾರುವಾಗ ಆಡುವ ಮಾತು, ಕೇಳುವ ಮಾತು

ಅರೇಬಿಕಾ ಕೊಯ್ಲು ಮುಗಿದು ರೊಬಸ್ಟಾ ಕಣಕ್ಕೆ ಬರುತ್ತಿದೆ. ಅಡಿಕೆ ಸುಲಿದು, ಬೇಯಿಸಿ, ಒಣಗಿಸುವ ಕೆಲಸವೂ ಹೆಚ್ಚಿನ ಮನೆಗಳಲ್ಲಿ ಮುಗಿದು ಮಾಲು ಅಟ್ಟ ಸೇರಿದೆ. ಇನ್ನು ಎರಡು ಮೂರು ತಿಂಗಳ ಕಾಲ ನಮ್ಮ ಸದಸ್ಯರಲ್ಲಿ ಬಹುಮಂದಿ ವರ್ಷದ ಆದಾಯವನ್ನು ನಿರ್ಧರಿಸುವ ಮಾತುಕತೆಯಲ್ಲಿ ತೊಡಗಿರುತ್ತಾರೆ. ಗೊಬ್ಬರ, ಬೋರ್ಡೋ ದ್ರಾವಣ, ನೆರಳು ತೆಗೆಯುವುದು, ಕಾಂಡಕೊರಕ ಇವುಗಳ ಬಗ್ಗೆ ನಮ್ಮ ಪತ್ರಿಕೆಯಲ್ಲಿ ಬೇಕಾದಷ್ಟು ಲೇಖನಗಳು ಬಂದಿವೆ, ಮುಂದೆಯೂ ಬರುತ್ತವೆ. ಆದರೆ ವರ್ಷವಿಡೀ ದುಡಿದು ಬೆಳೆದದ್ದನ್ನು ಜಗಲಿಯ ಮೇಲೆ ಹತ್ತು ನಿಮಿಷ ಮಾತಾಡಿ ಮಾರುತ್ತೇವಲ್ಲ, ಆ ಹತ್ತು ನಿಮಿಷಗಳ ಬಗ್ಗೆ ಯಾರೂ ಬರೆದಂತೆ ಕಾಣುವುದಿಲ್ಲ. ಆದ್ದರಿಂದ ಈ ನಾಲ್ಕು ಮಾತುಗಳನ್ನು ಸದಸ್ಯರ ಮುಂದಿಡುತ್ತಿದ್ದೇನೆ.

ಮಾರಾಟದ ಮಾತು ಎಂದ ಕೂಡಲೇ ಚೌಕಾಸಿಯ ಜಾಣತನ ಎಂದು ತಿಳಿಯುವವರುಂಟು. ಬಾಯಿ ಜೋರಿದ್ದವನಿಗೆ ಒಳ್ಳೆಯ ದರ ಸಿಗುತ್ತದೆ, ಸಾಧು ಮನುಷ್ಯನಿಗೆ ಸಿಗುವುದಿಲ್ಲ ಎಂಬುದು ನಮ್ಮಲ್ಲಿ ರೂಢಿಯಾಗಿರುವ ನಂಬಿಕೆ. ಸಂಘದ ಕೌಂಟರಿನ ಹಿಂದೆ ಕುಳಿತು ಅನೇಕ ವರ್ಷ ನೋಡಿದ ಮೇಲೆ ನನಗೆ ಹಾಗೆ ಅನ್ನಿಸುವುದಿಲ್ಲ. ಒಳ್ಳೆಯ ದರ ಪಡೆಯುವ ಸದಸ್ಯರಲ್ಲಿ ಹೆಚ್ಚಿನವರು ಮಿತಭಾಷಿಗಳು. ಅವರು ಎದುರಿನವನನ್ನು ಮಾತಾಡಲು ಬಿಡುತ್ತಾರೆ, ಅವನು ಹೇಳಿದ್ದನ್ನು ನೆನಪಿಟ್ಟುಕೊಳ್ಳುತ್ತಾರೆ. ಅದಕ್ಕೂ ಮೊದಲು, ತಾವು ಇವತ್ತು ಯಾಕೆ ಮಾರಲು ಹೊರಟಿದ್ದೇವೆ ಎಂಬುದನ್ನು ತಮ್ಮೊಳಗೇ ಕೇಳಿಕೊಂಡಿರುತ್ತಾರೆ.

ಕಾಫಿ ಬೆಳೆಗಾರರಿಗೆ ಈ ವಿದ್ಯೆ ಹೊಸದು ಎಂಬುದನ್ನು ಮರೆಯಬಾರದು. 1942ರ ಕಾಫಿ ಕಾಯಿದೆಯ ಕಾಲದಲ್ಲಿ ಬೆಳೆದ ಕಾಫಿಯನ್ನು ಮಂಡಳಿಯ ಪೂಲಿಗೆ ಒಪ್ಪಿಸಬೇಕಾಗಿತ್ತು. ಮಾಲು ಹಾಕಿ ರಸೀದಿ ಪಡೆದರೆ ಬೆಳೆಗಾರನ ಪಾಲಿನ ವ್ಯಾಪಾರ ಮುಗಿಯಿತು. ಹಣ ಕಂತು ಕಂತಾಗಿ, ಸಾವಕಾಶವಾಗಿ ಬರುತ್ತಿತ್ತು. ದರ ಎಷ್ಟು ಎಂದು ಯಾರನ್ನೂ ಕೇಳುವ ಪ್ರಮೇಯ ಇರಲಿಲ್ಲ. 1992ರಿಂದ ಈ ಕಟ್ಟು ಹಂತ ಹಂತವಾಗಿ ಸಡಿಲವಾಗಿ 1996ರಲ್ಲಿ ಪೂರ್ತಿ ಬಿಚ್ಚಿತು. ಅರ್ಧ ಶತಮಾನ ಕಾಫಿಯ ವ್ಯಾಪಾರದ ಮಾತನ್ನೇ ಆಡದಿದ್ದ ಮನೆಗಳ ಅಂಗಳಕ್ಕೆ ವ್ಯಾಪಾರಿಯ ಜೀಪು ಬಂದು ನಿಂತಿತು. ನಮಗೆ ಸ್ವಾತಂತ್ರ್ಯ ಸಿಕ್ಕಿತು ಸರಿ, ಅದರ ಜೊತೆಗೆ ಬೇಕಾದ ಅಭ್ಯಾಸವನ್ನು ಯಾರೂ ಕಲಿಸಲಿಲ್ಲ.

ಅಡಿಕೆಯವರ ಕಥೆ ಬೇರೆ. ಅವರು ತಲೆಮಾರುಗಳಿಂದ ಮಂಡಿ ಕಂಡವರು. ಆದರೆ ಮಂಡಿಯ ಸಾಹುಕಾರರಲ್ಲಿ ಮುಂಗಡ ತಂದವನು ದರದ ಮಾತೆತ್ತುವುದು ಹೇಗೆ? ಯೋಗಕ್ಷೇಮ ವಿಚಾರಿಸಿ, ಕಾಫಿ ಕುಡಿದು, ಅವರು ಬರೆದ ಚೀಟಿ ತೆಗೆದುಕೊಂಡು ಬರುವುದಷ್ಟೇ ಆಗುತ್ತಿತ್ತು. ಶಿರಸಿಯಲ್ಲಿ 1923ರಲ್ಲಿ ತೋಟಗಾರರ ಸೇಲ್ ಸೊಸೈಟಿ, ಶಿವಮೊಗ್ಗದಲ್ಲಿ 1939ರಲ್ಲಿ ಮ್ಯಾಮ್‌ಕೋಸ್, ಮಂಗಳೂರಿನಲ್ಲಿ 1973ರಲ್ಲಿ ಕ್ಯಾಂಪ್ಕೋ ಹುಟ್ಟಿದ್ದು ಬೆಳೆಗಾರ ಒಬ್ಬಂಟಿಯಾಗಿ ಮಾರುಕಟ್ಟೆಯ ಎದುರು ನಿಲ್ಲಬೇಕಾಗಿದ್ದ ಈ ಸ್ಥಿತಿಯನ್ನು ತಪ್ಪಿಸಲಿಕ್ಕಾಗಿಯೇ. ಸಂಘ ಇದೆ ಎಂದ ಮಾತ್ರಕ್ಕೆ ಬೆಳೆಗಾರನ ಕಿವಿಗೆ ಕೆಲಸ ತಪ್ಪಿತು ಎಂದಲ್ಲ. ಅದನ್ನು ಮುಂದೆ ಹೇಳುತ್ತೇನೆ.

ಜಗಲಿಯ ಮೇಲೆ ನಡೆಯುವುದೇನು

ನಮ್ಮ ಕಡೆ ಸಾಮಾನ್ಯವಾಗಿ ನಡೆಯುವ ಮಾತುಕತೆ ಹೀಗಿರುತ್ತದೆ.

"ಏನ್ ಗೌಡ್ರೇ, ಕಾಫಿ ಒಣಗ್ತಾ?"

"ಒಣಗ್ತು, ಬನ್ನಿ ಸಾಹುಕಾರ್ರೇ, ಕೂತ್ಕೊಳಿ. ಈ ಸಲ ಕೊಯ್ಲಿನ ಹೊತ್ತಿಗೇ ಮಳೆ ಬಂದು ಆಳಿಗೇ ಎಲ್ಲಾ ದುಡ್ಡು ಹೋಯ್ತು. ಶನಿವಾರ ಬಟವಾಡೆ ಬೇರೆ ಇದೆ. ಬ್ಯಾಂಕಿನ ಸಾಲದ ಗಡುವೂ ತಿಂಗಳ ಕೊನೆಗೆ."

"ಮಾರ್ಕೆಟ್ ಸ್ವಲ್ಪ ಡಲ್ಲು ನೋಡಿ."

"ಹೌದಂತೆ, ನಿನ್ನೆ ವಾಟ್ಸಾಪಲ್ಲೂ ಯಾರೋ ಹಾಕಿದ್ರು."

"ಮತ್ತೆ ಎಷ್ಟಕ್ಕೆ ಕೊಡ್ತೀರಿ?"

"ನೀವೇ ಹೇಳಿ. ನಿಮಗೆ ಗೊತ್ತಿಲ್ದೇ ಇರೋದಾ?"

ಇಲ್ಲಿ ವ್ಯಾಪಾರಿ ಮೋಸ ಮಾಡಿಲ್ಲ. ಸುಳ್ಳನ್ನೂ ಹೇಳಿಲ್ಲವೆಂದೇ ಇಟ್ಟುಕೊಳ್ಳೋಣ. ಅವನು ಆಡಿದ್ದು ಮೂರೇ ಮಾತು. ನಮ್ಮವರು ಮಾತ್ರ ತಮಗೆ ಹಣ ಬೇಕು, ಶನಿವಾರದೊಳಗೇ ಬೇಕು, ಮಾರುಕಟ್ಟೆ ಇಳಿದಿದೆ ಎಂದು ತಾವೂ ಒಪ್ಪುತ್ತೇವೆ, ದರ ಕಟ್ಟುವ ಅಧಿಕಾರವೂ ನಿಮ್ಮದೇ ಎಂದು ಎಲ್ಲವನ್ನೂ ಒಪ್ಪಿಸಿಬಿಟ್ಟರು. ಕಾಫಿಯ ಬಗ್ಗೆ, ಅದರ ಒಣಗಿನ ಬಗ್ಗೆ, ಗುಣದ ಬಗ್ಗೆ ಒಂದು ಮಾತೂ ಬರಲಿಲ್ಲ. ಮಲೆನಾಡಿನಲ್ಲಿ ಮನೆಗೆ ಬಂದವರ ಹತ್ತಿರ ಕಷ್ಟ ಸುಖ ಹೇಳಿಕೊಳ್ಳುವುದು ಸಹಜ ಸ್ವಭಾವ, ಅದನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ದರ ತೀರ್ಮಾನವಾದ ಮೇಲೆ ಹೇಳಿಕೊಳ್ಳಬಹುದು.

ಅದೇ ಜಗಲಿಯಲ್ಲಿ ಇನ್ನೊಂದು ರೀತಿ ನೋಡಿ.

"ಏನ್ ಗೌಡ್ರೇ, ಕಾಫಿ ಒಣಗ್ತಾ?"

"ಬನ್ನಿ ಸಾಹುಕಾರ್ರೇ, ಕೂತ್ಕೊಳಿ. ಒಣಗ್ತಾ ಇದೆ. ನಿಮ್ದು ಹೇಗೆ, ಲೋಡ್ ಹೋಗ್ತಿದ್ಯಾ?"

"ಹೋಗ್ತಿದೆ. ನಾಡಿದ್ದು ಒಂದು ಲಾರಿ ಕಳಿಸ್ಬೇಕು. ಮಾಲೇ ಸಿಕ್ತಿಲ್ಲ ನೋಡಿ, ಎಲ್ಲಾ ಹಿಡ್ಕೊಂಡು ಕೂತಿದಾರೆ."

"ಹೌದಾ?"

"ಸಿಕ್ಕಿದ್ದೂ ಸರಿಯಾಗಿ ಒಣಗಿರಲ್ಲ. ಹದಿನಾಲ್ಕು, ಹದಿನೈದು ತೇವ. ನಿಮ್ದು ಹೇಗಿದೆ?"

"ಮೊನ್ನೆ ಸಂಘದಲ್ಲಿ ನೋಡ್ಸಿದ್ದೆ. ಹನ್ನೊಂದಿತ್ತು."

ಲಾರಿಗೆ ಗಡುವಿದೆ, ಮಾಲು ಕಡಿಮೆ ಇದೆ, ಒಣಗಿದ ಮಾಲು ಇನ್ನೂ ಕಡಿಮೆ ಇದೆ. ಮೂರನ್ನೂ ವ್ಯಾಪಾರಿಯೇ ಹೇಳಿದ. ಇಷ್ಟು ಹೇಳಿದ ಬಾಯಲ್ಲಿ ಮಾರ್ಕೆಟ್ ಡಲ್ಲು ಎಂಬ ಮಾತು ಅಷ್ಟು ಸುಲಭವಾಗಿ ಬರುವುದಿಲ್ಲ. ನಮ್ಮವರು ಮಾಡಿದ್ದೇನು? ಒಂದು ಪ್ರಶ್ನೆ ಕೇಳಿದರು, ಒಮ್ಮೆ "ಹೌದಾ" ಎಂದರು. ಈ "ಹೌದಾ" ಎಂಬುದರ ಬೆಲೆ ನಮ್ಮಲ್ಲಿ ಬಹಳ ಮಂದಿಗೆ ಗೊತ್ತಿಲ್ಲ. ಎದುರಿನವನು ಒಂದು ವಾಕ್ಯ ಹೇಳಿ ನಿಲ್ಲಿಸಿದ ಕೂಡಲೇ ನಾವು ಉತ್ತರ ಕೊಡಲು ಹೋಗುತ್ತೇವೆ. ಎರಡು ಕ್ಷಣ ಸುಮ್ಮನಿದ್ದರೆ ಅವನೇ ಎರಡನೆಯ ವಾಕ್ಯ ಹೇಳುತ್ತಾನೆ. ಉಪಯೋಗದ ವಿಷಯ ಅನೇಕ ಸಲ ಆ ಎರಡನೆಯ ವಾಕ್ಯದಲ್ಲಿರುತ್ತದೆ.

ಇದೇ ಸುಮ್ಮನಿರುವಿಕೆಯನ್ನು ವ್ಯಾಪಾರಿಗಳು ನಮ್ಮ ಮೇಲೆ ಬಹಳ ಚೆನ್ನಾಗಿ ಉಪಯೋಗಿಸುತ್ತಾರೆ. ನಾವು ಒಂದು ದರ ಹೇಳುತ್ತೇವೆ. ಅವನು ಮಾತಾಡದೆ ಕಣದ ಕಡೆ ನೋಡುತ್ತ ಕೂರುತ್ತಾನೆ. ಆ ಮೌನ ತಡೆಯಲಾರದೆ ನಾವೇ, "ಬೇಕಾದರೆ ಒಂದು ನೂರು ಆಚೀಚೆ ಮಾಡೋಣ" ಎಂದುಬಿಡುತ್ತೇವೆ. ಕೇಳದೇ ಇದ್ದ ನೂರು ರೂಪಾಯಿ ಹೀಗೆ ಹೋಗುತ್ತದೆ. ಸಂಕೋಚದ ಸ್ವಭಾವದವರು ದರ ಹೇಳಿದ ಮೇಲೆ ಕಾಫಿ ತರಿಸುವ ನೆಪದಲ್ಲಿ ಒಳಗೆ ಹೋಗಿ ಬರಬಹುದು. ನಗಬೇಡಿ, ಈ ಉಪಾಯದಿಂದ ಉಪಕಾರವಾದವರನ್ನು ನಾನು ಬಲ್ಲೆ.

ವ್ಯಾಪಾರಿಯ ಮಾತಿನ ಹಿಂದೆ ಏನಿದೆ ಎಂದು ತಿಳಿಯಬೇಕಾದರೆ ಅವನ ಕಷ್ಟವೂ ಸ್ವಲ್ಪ ಗೊತ್ತಿರಬೇಕು. ರೊಬಸ್ಟಾದ ದರ ಲಂಡನ್ನಿನಲ್ಲಿ ಟನ್ನಿಗೆ ಇಷ್ಟು ಡಾಲರ್ ಎಂದು, ಅರೇಬಿಕಾದ ದರ ನ್ಯೂಯಾರ್ಕಿನಲ್ಲಿ ಪೌಂಡಿಗೆ ಇಷ್ಟು ಸೆಂಟ್ ಎಂದು ನಿತ್ಯ ಏರಿಳಿಯುತ್ತದೆ. ಹಳ್ಳಿಯಲ್ಲಿ ಕೊಳ್ಳುವವನು ದೊಡ್ಡ ವ್ಯಾಪಾರಿಗೋ ರಫ್ತುದಾರನಿಗೋ ಇಂಥ ದಿನದೊಳಗೆ ಇಷ್ಟು ಮಾಲು ಕೊಡುತ್ತೇನೆಂದು ಒಪ್ಪಿಕೊಂಡಿರುತ್ತಾನೆ. ಒಪ್ಪಿದಷ್ಟು ಮಾಲು ಸೇರದಿದ್ದರೆ ಅವನಿಗೆ ನಷ್ಟ. ಸೇರಿಸಿದ ಮಾಲು ಕ್ಯೂರಿಂಗ್‌ನಲ್ಲಿ ತೇವ ಎಂದು ತಿರಸ್ಕಾರವಾದರೂ ನಷ್ಟ. ಆದ್ದರಿಂದ "ಇವತ್ತೇ ತುಂಬಿಸೋದಾದ್ರೆ ಈ ರೇಟು" ಎಂದು ಅವನು ಹೇಳಿದಾಗ ನಾವು ಹೆದರಿ ಚೀಲ ಹೊಲಿಯಲು ಕೂರುತ್ತೇವೆ. ಇವತ್ತೇ ಎಂಬುದು ಬಹಳ ಸಲ ಅವನ ಗಡುವು, ನಮ್ಮದಲ್ಲ. "ಇವತ್ತೇ ಆದ್ರೆ ನಿಮಗೂ ಅನುಕೂಲ ಅಲ್ವಾ ಸಾಹುಕಾರ್ರೇ?" ಎಂದು ನಗುತ್ತಲೇ ಕೇಳಿ ನೋಡಬಹುದು.

ಯುರೋಪಿಗೆ ಹೋಗುವ ಕಾಫಿಯ ವಿಷಯದಲ್ಲಿ ಈಚೆಗೆ ಹೊಸ ಪ್ರಶ್ನೆಯೊಂದು ಕೇಳಿಬರುತ್ತಿದೆ. ತೋಟದ ಸರ್ವೆ ನಂಬರು, ಮೊಬೈಲಿನಲ್ಲಿ ತೋಟದ ಜಾಗದ ಗುರುತು ಕೊಡಿ ಎನ್ನುತ್ತಾರೆ. ಕಾಡು ಕಡಿದು ಬೆಳೆದ ಕಾಫಿಯಲ್ಲವೆಂದು ತೋರಿಸಬೇಕೆಂಬ ಕಾಯಿದೆಯನ್ನು ಯುರೋಪಿನ ಒಕ್ಕೂಟ 2023ರಲ್ಲಿ ಮಾಡಿತು. ಅದು ಜಾರಿಗೆ ಬರುವ ದಿನ ಒಂದಕ್ಕಿಂತ ಹೆಚ್ಚು ಸಲ ಮುಂದೆ ಹೋಗಿದೆ. ಜಮೀನಿಗೆ ಏನೋ ಸಂಚಕಾರ ಬಂತೆಂದು ಗಾಬರಿಯಾಗಿ ನಮ್ಮ ಕಚೇರಿಗೆ ಓಡಿ ಬಂದವರಿದ್ದಾರೆ. ಗಾಬರಿಯ ಬದಲು ಯಾಕೆ ಕೇಳುತ್ತೀರಿ ಎಂದು ವಿಚಾರಿಸಿದರೆ ನಮ್ಮ ಮಾಲು ಎಲ್ಲಿಗೆ ಹೋಗುತ್ತದೆ, ಈ ವ್ಯಾಪಾರಿಯ ಹಿಂದೆ ಎಂಥ ಖರೀದಿದಾರರಿದ್ದಾರೆ ಎಂಬುದು ತಿಳಿಯುತ್ತದೆ. ಅವನು ಕೇಳುವ ಪ್ರಶ್ನೆಯೂ ನಮಗೆ ಒಂದು ಸುದ್ದಿಯೇ.

ದೂರನ್ನು ಕೇಳಿಸಿಕೊಳ್ಳುವ ಬಗ್ಗೆ

ನಮ್ಮವರು ಅತ್ಯಂತ ಕಡಿಮೆ ಕೇಳಿಸಿಕೊಳ್ಳುವುದು ತಮ್ಮ ಮಾಲಿನ ಬಗ್ಗೆ ಬರುವ ದೂರನ್ನು. ತೇವ ಇದೆ, ಮುಗ್ಗು ವಾಸನೆ ಇದೆ, ಕಪ್ಪು ಕಾಳು ಜಾಸ್ತಿ ಎಂದು ವ್ಯಾಪಾರಿ ಹೇಳಿದ ತಕ್ಷಣ, "ನಮ್ಮಪ್ಪನ ಕಾಲದಿಂದ ಹೀಗೇ ಒಣಗಿಸಿದ್ದು, ಯಾರೂ ಏನೂ ಅಂದಿಲ್ಲ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಅವನು ಮುಂದೆ ಏನೂ ಹೇಳುವುದಿಲ್ಲ. ವಾದ ಮಾಡುವ ಬೆಳೆಗಾರನಿಗೆ ವ್ಯಾಪಾರಿ ಕಾರಣ ಹೇಳುವುದನ್ನು ಬಿಡುತ್ತಾನೆ, ದರ ಮಾತ್ರ ಕಡಿಮೆ ಬರೆಯುತ್ತಾನೆ. ಆಮೇಲೆ ಅನೇಕ ವರ್ಷ ಯಾಕೆ ಕಡಿಮೆ ಎಂಬುದು ಗೊತ್ತೇ ಆಗುವುದಿಲ್ಲ.

ದೂರೆಲ್ಲ ನಿಜ ಎಂದು ನಾನು ಹೇಳುತ್ತಿಲ್ಲ. ಕೇಳಿಸಿಕೊಂಡರೆ ಅದನ್ನು ಅಳೆಯಬಹುದು. ತೇವದ ಲೆಕ್ಕವನ್ನೇ ತೆಗೆದುಕೊಳ್ಳಿ. ರೊಬಸ್ಟಾ ಚೆರ್ರಿಗೆ ಶೇಕಡಾ 11 ತೇವ ಇರಬಹುದು. ನಿಮ್ಮ ಚೀಲದಲ್ಲಿ 13 ಇದೆ ಎಂದು ಮೀಟರ್ ತೋರಿಸಿತು. 50 ಕಿಲೋ ಚೀಲದಲ್ಲಿ ಒಣ ಭಾಗ 43 ಕಿಲೋ 500 ಗ್ರಾಂ. ಅದೇ ಮಾಲು 11ಕ್ಕೆ ಇಳಿದಾಗ ಸುಮಾರು 48 ಕಿಲೋ 900 ಗ್ರಾಂ ತೂಗುತ್ತದೆ. ಅಂದರೆ ನ್ಯಾಯವಾಗಿ ಕಡಿಯಬೇಕಾದದ್ದು 1 ಕಿಲೋ 100 ಗ್ರಾಂ. ಎರಡು ಕಿಲೋ ಕಡಿಯುತ್ತೇನೆ ಎಂದರೆ, "ಎರಡು ಹೇಗೆ ಬಂತು ಸಾಹುಕಾರ್ರೇ, ಲೆಕ್ಕ ಹೇಳಿ" ಎಂದು ಕೇಳುವುದಕ್ಕೆ ನಮಗೆ ಆಧಾರವಿದೆ. ತೇವವೇ ಇಲ್ಲ ಎಂದು ಕೂಗಾಡುವವನಿಗೆ ಈ ಆಧಾರವಿಲ್ಲ. ತದ್ವಿರುದ್ಧವೂ ಉಂಟು. ದೂರು ಬಂದೀತೆಂಬ ಹೆದರಿಕೆಯಿಂದ ಒಂಬತ್ತೂವರೆಯವರೆಗೆ ಒಣಗಿಸುವವರು ಚೀಲಕ್ಕೆ 800 ಗ್ರಾಂನಷ್ಟು ತೂಕವನ್ನು ಬಿಸಿಲಿಗೆ ಕೊಡುತ್ತಾರೆ, ಹಲ್ಲಿಂಗ್‌ನಲ್ಲಿ ಕಾಳು ಒಡೆಯುವುದು ಬೇರೆ.

ಔಟ್‌ಟರ್ನ್ ವಿಷಯದಲ್ಲಿ ಕಿವಿಯ ಜೊತೆಗೆ ಕಣ್ಣೂ ಬೇಕು. 50 ಕಿಲೋ ಒಣ ಚೆರ್ರಿಯಿಂದ ಎಷ್ಟು ಕಿಲೋ ಕ್ಲೀನ್ ಕಾಫಿ ಬರುತ್ತದೆ ಎಂಬುದೇ ಔಟ್‌ಟರ್ನ್ ಎಂದು ಎಲ್ಲರಿಗೂ ತಿಳಿದಿದೆ. ಒಂದು ಪಾಯಿಂಟಿಗೆ 400 ರೂಪಾಯಿ ಎಂದು ಲೆಕ್ಕಕ್ಕೆ ಇಟ್ಟುಕೊಂಡರೆ 26 ಬಂದ ಚೀಲಕ್ಕೆ 10,400, 25 ಬಂದ ಚೀಲಕ್ಕೆ 10,000. ನಲವತ್ತು ಚೀಲ ಇದ್ದ ಸಣ್ಣ ಬೆಳೆಗಾರನಿಗೆ ಈ ಒಂದು ಪಾಯಿಂಟಿನಲ್ಲಿ 16,000 ರೂಪಾಯಿ ಹೋಗುತ್ತದೆ. ಸ್ಯಾಂಪಲ್ ಯಾವ ಚೀಲದಿಂದ ತೆಗೆದರು, ಒಂದೇ ಚೀಲದಿಂದಲೋ ಎಲ್ಲದರಿಂದ ಸ್ವಲ್ಪ ಸ್ವಲ್ಪವೋ ಎಂಬುದನ್ನು ಆ ಹೊತ್ತಿನಲ್ಲಿ ನಾವು ನೋಡುತ್ತಿರುವುದಿಲ್ಲ. ಊರ ಸುದ್ದಿ ಮಾತಾಡುತ್ತಿರುತ್ತೇವೆ.

ಅಡಿಕೆಯಲ್ಲಿ ಟೆಂಡರಿಗೆ ರಾಶಿ ಹಾಕಿದ ಮೇಲೆ ಖರೀದಿದಾರನ ಜೊತೆ ಮಾತಿನ ಅವಕಾಶವೇ ಇಲ್ಲವಲ್ಲ, ಕೇಳಿಸಿಕೊಳ್ಳುವುದೇನು ಎನ್ನಬಹುದು. ಸದಸ್ಯರೊಬ್ಬರ ರಾಶಿ ಇಡಿಗೆ ಸತತವಾಗಿ ಪಕ್ಕದ ಲಾಟಿಗಿಂತ ಕಡಿಮೆ ದರ ಬೀಳುತ್ತಿತ್ತು. ಖರೀದಿದಾರರೆಲ್ಲ ಒಳಗೊಳಗೇ ಮಾತಾಡಿಕೊಂಡಿದ್ದಾರೆ ಎಂದು ಅವರ ದೃಢವಾದ ನಂಬಿಕೆ. ಸಂಘಕ್ಕೆ ಎರಡು ಅರ್ಜಿಯನ್ನೂ ಕೊಟ್ಟರು. ಒಂದು ಟೆಂಡರಿನ ದಿನ ಬೆಳಿಗ್ಗೆಯೇ ಬಂದು, ಯಾರ ಮಾಲು ಎಂದು ಹೇಳದೆ ರಾಶಿಯ ಹತ್ತಿರ ಸುಮ್ಮನೆ ನಿಲ್ಲಿ ಎಂದು ಕೇಳಿಕೊಂಡೆವು. ಬಂದ ಖರೀದಿದಾರರಲ್ಲಿ ಮೂವರು ಬೇರೆ ಬೇರೆ ಹೊತ್ತಿನಲ್ಲಿ ರಾಶಿಗೆ ಕೈಹಾಕಿ, ಒಂದೆರಡು ಅಡಿಕೆ ಒಡೆದು ನೋಡಿ ಒಂದೇ ಮಾತು ಹೇಳಿದರು, ಗೊರಬಲು ಬೆರೆತಿದೆ ಎಂದು. ಕೊನೆ ತೆಗೆಯುವ ಆಳು ಸಿಗದೆ ಅವರ ತೋಟದಲ್ಲಿ ಕೊಯ್ಲು ಪ್ರತಿಸಲವೂ ತಡವಾಗುತ್ತಿತ್ತು, ಬಲಿತು ಹಣ್ಣಾಗಿದ್ದನ್ನು ಬೇರೆ ಮಾಡದೆ ಒಟ್ಟಿಗೇ ಬೇಯಿಸುತ್ತಿದ್ದರು. ಈಗ ಬೇರೆ ಮಾಡುತ್ತಾರೆ. ಅರ್ಜಿ ಬರೆದ ಕಾಗದದಿಂದ ತಿಳಿಯದೇ ಇದ್ದದ್ದು ಒಂದು ಗಂಟೆ ರಾಶಿಯ ಪಕ್ಕದಲ್ಲಿ ಬಾಯಿ ಮುಚ್ಚಿ ನಿಂತದ್ದರಿಂದ ತಿಳಿಯಿತು. ಹಸಿ ಅಡಿಕೆಯನ್ನು ಚೇಣಿಗೆ ಕೊಡುವವರೂ ಅಷ್ಟೆ, ಕ್ವಿಂಟಲ್ ಹಸಿಗೆ ಎಷ್ಟು ಕಿಲೋ ಒಣ ಅಡಿಕೆ ಹಿಡಿಯುತ್ತೀರಿ ಎಂಬ ಪ್ರಶ್ನೆಯನ್ನು ಮೊದಲು ಕೇಳಿ, ಚೇಣಿದಾರ ಕೊಡುವ ವಿವರಣೆಯನ್ನು ಪೂರ್ತಿ ಕೇಳಬೇಕು.

ಮನೆಯಲ್ಲಿ ಇನ್ನೊಂದು ಜೊತೆ ಕಿವಿ ಇದೆ. ಕಣದಲ್ಲಿ ಕಾಫಿ ಕೈಯಾಡಿಸುವವರು, ಅಡಿಕೆ ಆರಿಸುವವರು ಬಹಳ ಮನೆಗಳಲ್ಲಿ ಹೆಂಗಸರು. ಮಾಲಿನ ಗುಣ ಯಜಮಾನರಿಗಿಂತ ಅವರಿಗೆ ಚೆನ್ನಾಗಿ ಗೊತ್ತು. ವ್ಯಾಪಾರಿ ಬಂದಾಗ ಅವರನ್ನು ಒಳಗೇ ಇರಿಸಿ ಯಜಮಾನರೊಬ್ಬರೇ ಮಾತಾಡುವ ಪದ್ಧತಿ ಯಾವ ಲಾಭಕ್ಕೋ ನನಗೆ ತಿಳಿಯದು. ಅವರು ಜೊತೆಯಲ್ಲಿ ಕುಳಿತರೆ ಒಬ್ಬರು ಮಾತಾಡುವಾಗ ಇನ್ನೊಬ್ಬರು ಕೇಳಿಸಿಕೊಳ್ಳಬಹುದು.

ತನ್ನನ್ನು ತಾನು ಕೇಳಿಕೊಳ್ಳುವುದು

ಎದುರಿನವನ ಮಾತು ಕೇಳಿಸದಂತೆ ಮಾಡುವುದು ನಮ್ಮೊಳಗಿನ ಗದ್ದಲ. ಮಾರುವ ಹಿಂದಿನ ರಾತ್ರಿ ಹತ್ತು ನಿಮಿಷ ಕುಳಿತು, ನಾನು ನಾಳೆಯೇ ಯಾಕೆ ಮಾರಬೇಕು ಎಂದು ಕೇಳಿಕೊಂಡರೆ ಸಾಮಾನ್ಯವಾಗಿ ಮೂರರಲ್ಲಿ ಒಂದು ಉತ್ತರ ಬರುತ್ತದೆ: ಹಣದ ಜರೂರು, ಹೆದರಿಕೆ ಅಥವಾ ಪ್ರತಿಷ್ಠೆ.

ಜರೂರಿನದು ಸುಲಭ. ಎಷ್ಟು ಹಣ ಬೇಕು ಎಂದು ಚೀಟಿಯಲ್ಲಿ ಬರೆಯಿರಿ. ಬಟವಾಡೆಗೆ ಬೇಕಾದದ್ದು ಆರು ಚೀಲದ ಹಣವಾದರೆ ನಲವತ್ತು ಚೀಲ ಮಾರುವ ಅಗತ್ಯವೇನು?

ಹೆದರಿಕೆ ಮತ್ತು ಆಸೆ ಒಂದೇ ನಾಣ್ಯದ ಬೇರೆ ಬೇರೆ ಮುಖ. 2024ರ ಏಪ್ರಿಲ್ ಹೊತ್ತಿಗೆ ರೊಬಸ್ಟಾ ಚೆರ್ರಿ 50 ಕಿಲೋಗೆ 10,000 ರೂಪಾಯಿ ಮುಟ್ಟಿದ್ದು ಎಲ್ಲರಿಗೂ ನೆನಪಿದೆ. ಇಷ್ಟು ದರವನ್ನೇ ಕಂಡಿರಲಿಲ್ಲ, ನಾಳೆ ಇಳಿದರೆ ಎಂದು ಹೆದರಿ ಸುಗ್ಗಿಯ ಮೊದಲಲ್ಲೇ ಕೊಟ್ಟವರು ಹೊಟ್ಟೆ ಉರಿದುಕೊಂಡರು. ಆ ಉರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಸುಗ್ಗಿಯಲ್ಲಿ, 2025ರ ಮೊದಲ ತಿಂಗಳುಗಳ ಏರಿಕೆ ನೋಡಿ ಇನ್ನೂ ಏರುತ್ತದೆ ಎಂದು ಹಿಡಿದಿಟ್ಟವರಲ್ಲಿ ಕೆಲವರು ಮಳೆಗಾಲದ ಹೊತ್ತಿಗೆ ದರ ಬಹಳ ಇಳಿದದ್ದನ್ನು ಕಂಡರು. ದರ ಮುಂದೆ ಏನಾಗುತ್ತದೆ ಎಂದು ಎಷ್ಟು ಕೇಳಿಸಿಕೊಂಡರೂ ಯಾರಿಗೂ ತಿಳಿಯುವುದಿಲ್ಲ, ವ್ಯಾಪಾರಿಗೂ ತಿಳಿಯುವುದಿಲ್ಲ. ಹೋದ ವರ್ಷದ ಉರಿಯೇ ಈ ವರ್ಷದ ನಿರ್ಧಾರ ಮಾಡುತ್ತಿದೆಯೇ ಎಂಬುದನ್ನು ಮಾತ್ರ ನಾವು ಪರೀಕ್ಷಿಸಿಕೊಳ್ಳಬಹುದು. ಮಾಲನ್ನು ಎರಡು ಮೂರು ಸಲವಾಗಿ ಮಾರುವವರ ಮಾತಿನಲ್ಲಿ ಈ ಹೆದರಿಕೆ ಕಡಿಮೆ ಇರುವುದನ್ನು ನಾನು ಕಂಡಿದ್ದೇನೆ.

ಪ್ರತಿಷ್ಠೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಪಕ್ಕದ ತೋಟದವರಿಗಿಂತ ಐವತ್ತು ರೂಪಾಯಿ ಹೆಚ್ಚಿಗೆ ಕೊಟ್ಟೆ ಎಂದು ಊರಲ್ಲಿ ಹೇಳಿಕೊಳ್ಳಬೇಕೆಂಬ ಆಸೆ ನಮ್ಮಲ್ಲಿ ಬಲವಾಗಿದೆ. ಇದು ವ್ಯಾಪಾರಿಗೆ ಚೆನ್ನಾಗಿ ಗೊತ್ತು. "ನಿಮಗೋಸ್ಕರ ಐವತ್ತು ಜಾಸ್ತಿ, ಯಾರಿಗೂ ಹೇಳ್ಬೇಡಿ" ಎನ್ನುತ್ತಾನೆ. ಹಾಗೆಂದರೆ ಎಲ್ಲರಿಗೂ ಹೇಳುತ್ತೇವೆ ಎಂಬುದೂ ಅವನಿಗೆ ಗೊತ್ತು. ಆಮೇಲೆ ತೇವಕ್ಕೆಂದು ಚೀಲಕ್ಕೆ ಒಂದು ಕಿಲೋ ಹೆಚ್ಚು ಕಡಿದರೆ, ಚೀಲಕ್ಕೆ 10,000 ದರದಲ್ಲಿ ಆ ಒಂದು ಕಿಲೋ 200 ರೂಪಾಯಿ. ಐವತ್ತು ಬಂತು, ಇನ್ನೂರು ಹೋಯಿತು. ನಲವತ್ತು ಚೀಲಕ್ಕೆ 6,000 ರೂಪಾಯಿ ಕಳೆದುಕೊಂಡು ಊರಿಗೆಲ್ಲ ಹೆಚ್ಚು ದರ ಸಿಕ್ಕಿತೆಂದು ಹೇಳಿಕೊಂಡು ಬರುತ್ತೇವೆ. ದರ, ತೇವ, ಔಟ್‌ಟರ್ನ್, ಕಪ್ಪು ಮತ್ತು ಒಡಕು ಕಾಳಿನ ಕಡಿತ, ತೂಕ, ಸಾಗಾಣಿಕೆ ಇವೆಲ್ಲ ಸೇರಿ ಕೈಗೆ ಬರುವುದೆಷ್ಟು ಎಂದು ಕೇಳುವವನಿಗೆ "ನಿಮಗೋಸ್ಕರ" ಎಂಬ ಮಾತು ಅಷ್ಟಾಗಿ ತಾಗುವುದಿಲ್ಲ.

ಮಾರಿದ ರಾತ್ರಿಯೂ ಹತ್ತು ನಿಮಿಷ ಬೇಕು. ಸದಸ್ಯರೊಬ್ಬರು ಇದಕ್ಕೆಂದೇ ಮಕ್ಕಳ ನೂರು ಪುಟದ ನೋಟ್‌ಬುಕ್ ಇಟ್ಟಿದ್ದಾರೆ. ತಾರೀಖು, ಚೀಲ, ದರ, ಕಡಿತಗಳು ಎಡ ಪುಟದಲ್ಲಿ. ಬಲ ಪುಟದಲ್ಲಿ ಅವನು ಏನೆಂದ, ನಾನು ಏನೆಂದೆ, ಯಾವ ಮಾತಿನ ನಂತರ ದರ ಬದಲಾಯಿತು. ಕೆಲವು ವರ್ಷದ ನೋಟ್‌ಬುಕ್ಕುಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಒಬ್ಬ ವ್ಯಾಪಾರಿ ಬಂದ ಪ್ರತಿ ಸಲವೂ ಮಾರ್ಕೆಟ್ ಡಲ್ಲು ಎಂದೇ ಆರಂಭಿಸಿದ್ದು ಅವರಿಗೆ ಕಂಡಿತಂತೆ, ಏರಿದಾಗಲೂ, ಇಳಿದಾಗಲೂ. ಇನ್ನೊಬ್ಬ ತೇವ ಹೆಚ್ಚೆಂದು ಹೇಳಿದ ಮೂರು ಸಲವೂ ಸಂಘದ ಮೀಟರ್ ಹಾಗೆಯೇ ತೋರಿಸಿತ್ತು. ಈಗ ಎರಡನೆಯವನ ಮಾತಿಗೆ ಇವರು ಬೆಲೆ ಕೊಡುತ್ತಾರೆ, ಮಾಲನ್ನೂ ಹೆಚ್ಚಾಗಿ ಅವನಿಗೇ ಕೊಡುತ್ತಾರೆ. ಬರೆಯದೇ ಇದ್ದಿದ್ದರೆ ನಗುನಗುತ್ತ ಮಾತಾಡುವ ಮೊದಲನೆಯವನೇ ಒಳ್ಳೆಯವನೆಂದು ತಿಳಿದಿರುತ್ತಿದ್ದರು.

ಕೊನೆಗೆ ಹಣದ ಮಾತು. ದರ ಕಟ್ಟದೆ ಕಾಫಿಯನ್ನು ವ್ಯಾಪಾರಿಯ ಗೋದಾಮಿನಲ್ಲಿ ಹಾಕಿ, ಮುಂದೆ ಏರಿದಾಗ ಕಟ್ಟಿಸುತ್ತೇನೆ ಎನ್ನುವ ಪದ್ಧತಿ ನಮ್ಮ ಜಿಲ್ಲೆಗಳಲ್ಲಿ ಇದೆ. ಮಾಲು ಹೋದಮೇಲೆ ವ್ಯಾಪಾರಿಯೂ ಕಾಣದಂತಾಗಿ ಸಣ್ಣ ಬೆಳೆಗಾರರು ವರ್ಷದ ಬೆಳೆಯನ್ನೇ ಕಳೆದುಕೊಂಡ ಪ್ರಕರಣಗಳನ್ನು ಸದಸ್ಯರು ಬಲ್ಲರು. ಹಾಗೆ ಹಾಕುವ ಮೊದಲು, "ದರ ಕಟ್ಟಿದ ಎಷ್ಟು ದಿನಕ್ಕೆ ಹಣ ಬರುತ್ತೆ, ರಸೀದಿ ಯಾವ ಹೆಸರಲ್ಲಿ ಕೊಡ್ತೀರಿ" ಎಂದು ಕೇಳಿ, ಉತ್ತರವನ್ನು ಪೂರ್ತಿ ಕೇಳಿಸಿಕೊಳ್ಳಬೇಕು. "ನಮ್ಮ ನಿಮ್ಮ ಮಧ್ಯೆ ಅದೆಲ್ಲ ಯಾಕೆ ಗೌಡ್ರೇ" ಎಂದರೆ ಅದು ಸ್ನೇಹದ ಮಾತಿನಂತೆ ಕೇಳುತ್ತದೆ. ಕೇಳಿದ ಪ್ರಶ್ನೆಗೆ ಉತ್ತರ ಬರಲಿಲ್ಲ ಎಂಬುದನ್ನು ಗಮನಿಸತಕ್ಕದ್ದು. ಫೋನಿನಲ್ಲೇ ದರ ಕಟ್ಟುವವರು ಮಾತಾದ ಕೂಡಲೇ ಚೀಲ, ದರ, ತೇವ, ಹಣದ ದಿನ ಇಷ್ಟನ್ನು ವಾಟ್ಸಾಪಿನಲ್ಲಿ ಬರೆದು ಕಳಿಸಿ, ಹೌದೆಂದು ಉತ್ತರ ತರಿಸಿಕೊಳ್ಳಬೇಕು. ಮುಖ ನೋಡದೆ ಆಡಿದ ಮಾತಿನಲ್ಲಿ ಒಂದು ಸೊನ್ನೆ ಹೆಚ್ಚು ಕಡಿಮೆ ಕೇಳಿಸುವುದು ಅಪರೂಪವಲ್ಲ.

ಮಾರುವ ಮೊದಲು ತೇವ ಮತ್ತು ಔಟ್‌ಟರ್ನ್ ನೋಡಿಸಿಕೊಳ್ಳಲು ಬಯಸುವ ಸದಸ್ಯರು ಕಚೇರಿಯ ವೇಳೆಯಲ್ಲಿ ಸ್ಯಾಂಪಲ್ ತರಬಹುದು. ಎಲ್ಲ ಚೀಲಗಳಿಂದಲೂ ಸ್ವಲ್ಪ ಸ್ವಲ್ಪ ತೆಗೆದು, ಚೆನ್ನಾಗಿ ಬೆರೆಸಿ, ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತರಬೇಕು. ಬಟ್ಟೆಯ ಚೀಲದಲ್ಲಿ ತಂದರೆ ದಾರಿಯಲ್ಲಿಯೇ ತೇವ ಬದಲಾಗುತ್ತದೆ. ಅಡಿಕೆ ಸದಸ್ಯರು ತಮ್ಮ ಲಾಟಿನ ಟೆಂಡರ್ ದಿನ ಬೆಳಿಗ್ಗೆಯೇ ಬರುವುದಾದರೆ ರಾಶಿಯ ಹತ್ತಿರ ನಿಲ್ಲಲು ಅಡ್ಡಿಯಿಲ್ಲ, ಯಾರ ಮಾಲು ಎಂಬುದನ್ನು ನಮ್ಮ ಸಿಬ್ಬಂದಿ ಹೇಳುವುದಿಲ್ಲ.